ಜೋತುಬಿದ್ದ ರೆಪ್ಪೆಯ ಹಿಂದೆ: ಕೊಳಕುಮಂಡಲ ಕಚ್ಚಿದ ಒಂದು ಪ್ರಕರಣ

ರೋಗಿ 42 ವರ್ಷದ ರೈತ ಮಹಿಳೆ. ಹಳೇ ಮೈಸೂರು ಕಡೆಯ, ರಾಗಿ ಬೆಳೆಯುವ ಒಂದು ಊರಿನವರು. ಗುರುತು ಸಿಗದಿರಲಿ ಅಂತ ಊರು, ಆಸ್ಪತ್ರೆಗಳ ಹೆಸರು ಬಿಟ್ಟಿದ್ದೇನೆ. ಸಕ್ಕರೆ ಕಾಯಿಲೆ ಇಲ್ಲ, ಬಿಪಿ ಇಲ್ಲ, ಕನ್ನಡಕ ಹಾಕಿದವರೂ ಅಲ್ಲ. ಮನೆಯಲ್ಲಿ ಯಾರಿಗೂ ಗ್ಲಾಕೋಮಾ, ಅಂದರೆ ಕಣ್ಣಿನೊಳಗಿನ ಒತ್ತಡ ಏರಿ ನರ ಕೆಡುವ ಕಾಯಿಲೆ, ಇರಲಿಲ್ಲ.

ನವೆಂಬರ್ ಕೊನೆಯ ವಾರ. ಕೊಯ್ದು ಹೊಲದಲ್ಲೇ ಅರಿ ಬಿಟ್ಟಿದ್ದ ರಾಗಿಯನ್ನು ಕಂತೆ ಕಟ್ಟಲು ಬೆಳಗ್ಗೆ ಬೇಗ ಹೋಗಿದ್ದರು. ಇಬ್ಬನಿ ಇರುವಾಗಲೇ ಕಟ್ಟಿದರೆ ಕಾಳು ಉದುರುವುದು ಕಮ್ಮಿ. ಆದರೆ ಆ ಹೊತ್ತಿಗೇ ಅರಿಯ ಕೆಳಗೆ ಇಲಿ ಸೇರಿರುತ್ತವೆ, ಇಲಿಯ ಹಿಂದೆ ಹಾವೂ ಬಂದಿರುತ್ತದೆ. ಅರಿಯನ್ನು ಬಾಚಿ ಎತ್ತುವಾಗ ಬಲಗೈ ತೋರುಬೆರಳಿಗೆ ಕಚ್ಚಿತು. ಆಗ ಸುಮಾರು ಏಳು ಗಂಟೆ. ಮಗ ಹಾವನ್ನು ಹೊಡೆಯಲು ಹೋಗದೆ ದೂರದಿಂದ ಮೊಬೈಲ್‌ನಲ್ಲಿ ಒಂದು ಫೋಟೊ ತೆಗೆದ. ಮೈಮೇಲೆ ಸರಪಳಿ ಹೆಣೆದಂತಿದ್ದ ಕಂದು ಮಚ್ಚೆ, ದಪ್ಪ ಮೈ, ಚಿಕ್ಕ ಬಾಲ. ಕೊಳಕುಮಂಡಲ, ಅನುಮಾನವೇ ಇಲ್ಲ. ನಮ್ಮಲ್ಲಿ ಸಿಗುವ ಎಎಸ್‌ವಿ, ಅಂದರೆ ಹಾವಿನ ವಿಷ ಇಳಿಸುವ ಇಂಜೆಕ್ಷನ್, ಒಂದೇ. ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ, ನಾಲ್ಕಕ್ಕೂ ಅದೇ ಔಷಧಿ. ಹಾಗಾಗಿ ಹಾವನ್ನು ಹಿಡಿದು ತರುವ ಸಾಹಸ ಬೇಕಿಲ್ಲ. ಆದರೆ ಆ ಫೋಟೊ ಮುಂದೆ ಕಣ್ಣಿನ ಡಾಕ್ಟರಾದ ನಮಗೆ ಉಪಯೋಗಕ್ಕೆ ಬಂತು.

ಮೊಣಕೈ ಮೇಲೆ ಟವೆಲ್ ಬಿಗಿದರು. ಮಂತ್ರ ಹಾಕುವವರ ಮನೆಗೂ ಒಂದು ಸುತ್ತು ಆಯಿತು. ತಾಲ್ಲೂಕು ಮಟ್ಟದ ಆಸ್ಪತ್ರೆ ಸೇರಿದಾಗ ಒಂಬತ್ತೂವರೆ. ಅಲ್ಲಿನವರು ಮಾಡಿದ ಕೆಲಸ ಅಚ್ಚುಕಟ್ಟು. ಒಣಗಿದ ಗಾಜಿನ ಟ್ಯೂಬಿನಲ್ಲಿ 2 ಮಿ.ಲೀ. ರಕ್ತ ಹಾಕಿ, ಅಲುಗಾಡಿಸದೆ 20 ನಿಮಿಷ ಇಟ್ಟು, ಓರೆ ಮಾಡಿ ನೋಡಿದರು. ರಕ್ತ ನೀರಿನಂತೆ ಹರಿಯಿತು. ಕೂಡಲೇ 10 ವಯಲ್ ಎಎಸ್‌ವಿ. ಆರು ಗಂಟೆ ಬಿಟ್ಟು ಮತ್ತೆ ನೋಡಿದರು, ಆಗಲೂ ಹೆಪ್ಪುಗಟ್ಟಲಿಲ್ಲ. ಇನ್ನೂ 10 ವಯಲ್. ರಾತ್ರಿ ಹೊತ್ತಿಗೆ ರಕ್ತ ಹೆಪ್ಪುಗಟ್ಟಿತು. ಇಷ್ಟರಲ್ಲಿ ಸಂಜೆಯೇ ಎರಡೂ ರೆಪ್ಪೆ ಜೋತುಬಿದ್ದಿದ್ದವು. ನರದ ವಿಷ ಅಂತ ನಿಯೋಸ್ಟಿಗ್ಮಿನ್ ಇಂಜೆಕ್ಷನ್ ಕೊಟ್ಟು ನೋಡಿದರು, ಜೊತೆಗೆ ಕೊಡಬೇಕಾದ ಅಟ್ರೋಪಿನ್ ಕೂಡ ಕೊಟ್ಟರು. ರೆಪ್ಪೆ ಏಳಲಿಲ್ಲ. ಮರುದಿನ ಬೆಳಗ್ಗೆ ಮೂತ್ರ ಕಮ್ಮಿಯಾಯಿತು ಅಂತ ಡಯಾಲಿಸಿಸ್ ಇರುವ ದೊಡ್ಡ ಆಸ್ಪತ್ರೆಗೆ ಕಳಿಸಿದರು.

ಐಸಿಯುವಿನ ಮೂರು ದಿನ

ಎರಡನೇ ದಿನ ಮುಖ ಊದಿತು. ಕಿವಿಯ ಕೆಳಗೆ, ದವಡೆಯ ಎರಡೂ ಬದಿ ಕೆಪ್ಪಟೆ ಬಂದವರಿಗೆ ಊದುವ ಜಾಗದಲ್ಲೇ ಬಾವು. ಕಣ್ಣಿನ ಬಿಳಿಭಾಗದ ಮೇಲಿನ ಪೊರೆ ನೀರು ತುಂಬಿ ರೆಪ್ಪೆಯ ಸಂದಿಯಿಂದ ಹೊರಗೆ ಇಣುಕುತ್ತಿತ್ತು. ಬಿಪಿ ಇಳಿದಿತ್ತು, ಕಿಡ್ನಿ ಸೋತರೆ ಏರುವ ಕ್ರಿಯಾಟಿನಿನ್ 3.8, ಪ್ಲೇಟ್‌ಲೆಟ್ 62 ಸಾವಿರ. ದಕ್ಷಿಣ ಭಾರತದಲ್ಲಿ ಕೊಳಕುಮಂಡಲ ಕಚ್ಚಿದವರನ್ನು ನೋಡಿಕೊಳ್ಳುವವರಿಗೆ ಈ ಚಿತ್ರ ಗೊತ್ತು. ಸಣ್ಣ ರಕ್ತನಾಳಗಳ ಗೋಡೆ ಸೋರಲು ಶುರುವಾಗಿದೆ ಅಂತ ಅರ್ಥ. ದವಡೆಯ ಬಾವು, ಕಣ್ಣಿನ ಬಿಳಿಭಾಗದ ಊತ ಒಟ್ಟಿಗೆ ಬಂದರೆ ಐಸಿಯು ಡಾಕ್ಟರ ಎದೆ ಧಸಕ್ ಅನ್ನುತ್ತದೆ. ಅವರ ಗಮನ ಪೂರ್ತಿ ಬಿಪಿ ಮೇಲೆ, ಕಿಡ್ನಿ ಮೇಲೆ. ಅದು ಸರಿಯೇ. ಜೀವ ಮೊದಲು.

ಆದರೆ ಅದೇ ಸಂಜೆಯಿಂದ ಈಕೆಗೆ ಹಣೆ ಸಿಡಿಯುವ ತಲೆನೋವು, ವಾಂತಿ. ಕಣ್ಣು ಒಳಗಿಂದ ಒತ್ತಿದ ಹಾಗೆ ಆಗ್ತಿದೆ, ಏನೂ ಕಾಣ್ತಿಲ್ಲ ಅಂತ ಹೇಳಿದ್ದು ಸಿಸ್ಟರ್ ಬರೆದ ಚಾರ್ಟಿನಲ್ಲೇ ಇದೆ. ವಾಂತಿಗೆ ಕಾರಣ ವಿಷ, ಕ್ರಿಯಾಟಿನಿನ್. ತಲೆನೋವಿಗೆ ಕಾರಣವೂ ವಿಷ. ಕಣ್ಣು ಕೆಂಪಾಗಿದ್ದು ಊತದಿಂದ. ಕಾಣದೇ ಇರುವುದು ರೆಪ್ಪೆ ಬಿದ್ದಿರುವುದರಿಂದ. ಒಂದೊಂದಕ್ಕೂ ಒಂದು ಉತ್ತರ ರೆಡಿ ಇತ್ತು, ಒಂದೊಂದೂ ನಂಬುವಂಥ ಉತ್ತರವೇ. ಅಷ್ಟರ ನಡುವೆ ಯಾರೂ ಹೆಬ್ಬೆರಳಿನಿಂದ ರೆಪ್ಪೆ ಎತ್ತಿ, "ಅಮ್ಮಾ, ಇದು ಎಷ್ಟು ಬೆರಳು ಹೇಳಿ" ಅಂತ ಕೇಳಲಿಲ್ಲ.

ಮೂರನೇ ದಿನ ಡಯಾಲಿಸಿಸ್ ಆಯಿತು. ಐದನೇ ದಿನ ಬೆಳಗ್ಗೆ ರೆಪ್ಪೆ ತಾನಾಗಿ ಎದ್ದಿತು. ಮಗಳು ಕಾಫಿ ತಂದಳು. ಈಕೆ ಲೋಟ ಹಿಡಿಯಲು ಕೈ ಚಾಚಿದರು, ಕೈ ಲೋಟದ ಪಕ್ಕ ಹೋಯಿತು. "ಕಣ್ಣು ಬಿಟ್ಟಿದೀನಿ ಕಣವ್ವಾ, ಆದ್ರೂ ಕತ್ಲೆ" ಅಂದರಂತೆ. ಆಗ ಕಣ್ಣಿನ ವಿಭಾಗಕ್ಕೆ ಕರೆ ಬಂತು.

ಹಾಸಿಗೆ ಪಕ್ಕದಲ್ಲಿ ಕಂಡದ್ದು

ಬಲಗಣ್ಣು ಒಂದು ಮೀಟರ್ ದೂರದ ಬೆರಳು ಎಣಿಸುತ್ತಿತ್ತು. ಎಡಗಣ್ಣಿಗೆ ಮುಖದ ಮುಂದೆ ಕೈ ಆಡಿಸಿದ್ದು ಮಾತ್ರ ಗೊತ್ತಾಗುತ್ತಿತ್ತು. ಎರಡೂ ಕಣ್ಣಿನ ಪಾರದರ್ಶಕ ಪಟಲ ಮಂಕಾಗಿತ್ತು. ಪಾಪೆ ಅರ್ಧ ಅರಳಿ ನಿಂತಿತ್ತು, ಟಾರ್ಚ್ ಬಿಟ್ಟರೆ ಬಲಗಡೆ ಸ್ವಲ್ಪ ಕುಗ್ಗಿತು, ಎಡಗಡೆ ಅಲುಗಲೇ ಇಲ್ಲ.

ಐಸಿಯುವಿನಲ್ಲಿ ಸ್ಲಿಟ್ ಲ್ಯಾಂಪ್, ಅಂದರೆ ಕಣ್ಣು ನೋಡುವ ಮೈಕ್ರೋಸ್ಕೋಪ್, ಎಲ್ಲಿ ತರುವುದು? ಆದರೆ ಟಾರ್ಚ್ ಒಂದೇ ಬಹಳ ಹೇಳುತ್ತದೆ. ಕಿವಿಯ ಕಡೆಯಿಂದ, ಅಡ್ಡಲಾಗಿ, ಕಣ್ಣಿನ ಮಟ್ಟಕ್ಕೇ ಬೆಳಕು ಬಿಡಬೇಕು. ಮುಂಭಾಗದಲ್ಲಿ ಜಾಗ ಚೆನ್ನಾಗಿದ್ದರೆ ಬಣ್ಣದ ಪಟಲ ಪೂರ್ತಿ ಬೆಳಗುತ್ತದೆ. ಅದು ಮುಂದಕ್ಕೆ ಉಬ್ಬಿದ್ದರೆ ಮೂಗಿನ ಕಡೆಯ ಅರ್ಧಕ್ಕೆ ನೆರಳು ಬೀಳುತ್ತದೆ. ಇಲ್ಲಿ ಎರಡೂ ಕಣ್ಣಲ್ಲಿ ನೆರಳು ಬಿತ್ತು. ಮುಚ್ಚಿದ ರೆಪ್ಪೆಯ ಮೇಲೆ ಎರಡು ತೋರುಬೆರಳು ಇಟ್ಟು ಮೆಲ್ಲಗೆ ಒತ್ತಿ ನೋಡಿದರೆ ಎಡಗಣ್ಣು ಗೋಲಿಯಂತೆ ಗಟ್ಟಿ. ಕೈಯಲ್ಲಿ ಹಿಡಿಯುವ ಟೋನೋಮೀಟರಿನಲ್ಲಿ ಒತ್ತಡ ಬಲಗಡೆ 44, ಎಡಗಡೆ 56. ಮಾಮೂಲಿ 10ರಿಂದ 21 ಇರಬೇಕು.

ಎರಡೂ ಕಣ್ಣಿಗೆ ಒಟ್ಟಿಗೆ ಗ್ಲಾಕೋಮಾ ದಾಳಿ! ವಾಂತಿ, ತಲೆನೋವು, ಕೆಂಪು, ಮಂಕು, ಎಲ್ಲ ಈ ಒಂದೇ ಕಾರಣಕ್ಕೂ ಹೊಂದುತ್ತವೆ. ವಿಷದ ಲಕ್ಷಣಗಳ ಒಳಗೆ ಅದು ಅಡಗಿ ಕುಳಿತಿತ್ತು, ಅಷ್ಟೇ.

ಹಾವು ಕಚ್ಚಿದವರು ಕಾಣ್ತಿಲ್ಲ ಅಂದಾಗ ನಮ್ಮ ತಲೆಯಲ್ಲಿ ಓಡುವ ಪಟ್ಟಿ ಉದ್ದ ಇದೆ. ಬರೀ ರೆಪ್ಪೆ ಬಿದ್ದಿರಬಹುದು. ಕಣ್ಣು ತಿರುಗಿಸುವ ಸ್ನಾಯುಗಳು ಸೋತು ಒಂದು ಎರಡಾಗಿ ಕಾಣಬಹುದು. ರೆಟಿನಾದಲ್ಲಿ, ಅದರ ಮುಂದಿನ ಜೆಲ್ಲಿಯಲ್ಲಿ ರಕ್ತ ಸೋರಿರಬಹುದು. ರೆಟಿನಾದ ರಕ್ತನಾಳ ಕಟ್ಟಿಕೊಂಡಿರಬಹುದು. ಕೆಲವರಿಗೆ ಕಚ್ಚಿದ ಎಷ್ಟೋ ದಿನಗಳ ಮೇಲೆ ಕಣ್ಣಿನ ನರ ಉರಿಯೂತಕ್ಕೆ ಸಿಕ್ಕುತ್ತದೆ. ಅದು ವಿಷದಿಂದಲೋ, ಕುದುರೆಯ ರಕ್ತದಿಂದ ತಯಾರಾಗುವ ಎಎಸ್‌ವಿಗೆ ದೇಹ ತೋರುವ ಪ್ರತಿಕ್ರಿಯೆಯಿಂದಲೋ ಅನ್ನುವ ಚರ್ಚೆ ಇನ್ನೂ ಇದೆ. ಸ್ಟಿರಾಯ್ಡ್‌ಗೆ ಬಹಳ ಸಲ ಬಗ್ಗುತ್ತದೆ. ಇನ್ನು ಕಣ್ಣು ಪೂರ್ತಿ ಚೆನ್ನಾಗಿದ್ದು, ಪಾಪೆಯೂ ಸರಿಯಾಗಿ ಕುಗ್ಗುತ್ತಿದ್ದು, ಆದರೂ ರೋಗಿಗೆ ಏನೂ ಕಾಣದಿದ್ದರೆ ತಪ್ಪು ತಲೆಯ ಹಿಂಭಾಗದಲ್ಲಿದೆ. ಮಿದುಳಿನ ನೋಟದ ಭಾಗಕ್ಕೆ ರಕ್ತ ನಿಂತಿರಬಹುದು. ಅಂಥವರನ್ನು ನಾಟಕ ಮಾಡ್ತಿದಾರೆ ಅಂತ ಬೈದದ್ದೂ ಉಂಟು.

ಪಾಪೆಯ ಬಗ್ಗೆ ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ, ಈ ಪ್ರಕರಣಕ್ಕೆ ನೇರ ಸಂಬಂಧ ಇಲ್ಲದಿದ್ದರೂ. ಕಟ್ಟುಹಾವು ಕಚ್ಚಿದವರಲ್ಲಿ ಪಾಪೆ ಪೂರ್ತಿ ಅರಳಿ ಬೆಳಕಿಗೆ ಅಲುಗದೆ ನಿಲ್ಲಬಹುದು. ಕೈಕಾಲು ಆಡುವುದಿಲ್ಲ, ಉಸಿರು ವೆಂಟಿಲೇಟರಿನದು. ನೋಡಿದವರಿಗೆ ಮಿದುಳು ಸತ್ತಂತೆ ಕಾಣುತ್ತದೆ. ಸತ್ತಿರುವುದಿಲ್ಲ. ಒಳಗೆ ಎಚ್ಚರವೂ ಇರಬಹುದು. ದಿನಗಟ್ಟಲೆ ಕಾದರೆ ಎದ್ದು ಮನೆಗೆ ಹೋಗುತ್ತಾರೆ. ಅಂಥವರ ಹಾಸಿಗೆ ಪಕ್ಕ "ಇನ್ನೇನಿಲ್ಲ ಬಿಡಿ" ಅಂತ ಯಾರೂ ಮಾತಾಡಬಾರದು, ವೆಂಟಿಲೇಟರ್ ತೆಗೆಯುವ ಮಾತಂತೂ ಬೇಡವೇ ಬೇಡ.

ನಮ್ಮ ರೋಗಿಯ ವಿಚಾರಕ್ಕೆ ಬಂದರೆ, ಒಂದು ಪ್ರಶ್ನೆ ಉಳಿದಿತ್ತು. ಮೊದಲ ಸಂಜೆ ನಿಯೋಸ್ಟಿಗ್ಮಿನ್ ಜೊತೆ ಅಟ್ರೋಪಿನ್ ಕೊಟ್ಟಿದ್ದರಲ್ಲ, ಅದರಿಂದ ಪಾಪೆ ಅರಳಿ ಗ್ಲಾಕೋಮಾ ಬಂತಾ? ಕಣ್ಣಿನೊಳಗಿನ ನೀರು ಹೊರಹೋಗುವ ಕೋನ ಹುಟ್ಟಿನಿಂದ ಕಿರಿದಾಗಿರುವವರಿಗೆ ಹಾಗಾಗುವುದು ಇದೆ. ಉತ್ತರ ಸಿಕ್ಕಿದ್ದು ಅಲ್ಟ್ರಾಸೌಂಡಿನಲ್ಲಿ. ಬಿ-ಸ್ಕ್ಯಾನ್ ಮಾಡಿದಾಗ ಬಲಗಣ್ಣಿನಲ್ಲಿ ರೆಟಿನಾದ ಹಿಂದಿರುವ ರಕ್ತನಾಳದ ಪದರ, ಅಂದರೆ ಕೊರಾಯ್ಡ್, ಸುತ್ತಲೂ ತೆಳುವಾಗಿ ನೀರು ತುಂಬಿ ಗೋಡೆಯಿಂದ ಎದ್ದಿತ್ತು. ಎಡಗಣ್ಣಿನಲ್ಲಿ ಅಲ್ಲಿ ತುಂಬಿದ್ದು ಬರೀ ನೀರಲ್ಲ, ರಕ್ತ. ಎರಡು ಕಡೆಯಿಂದ ಗುಮ್ಮಟದ ಹಾಗೆ ಉಬ್ಬಿತ್ತು. ಅಟ್ರೋಪಿನ್ ಇಂಥದ್ದನ್ನು ಮಾಡುವುದಿಲ್ಲ. ತಾಲ್ಲೂಕಿನ ಡಾಕ್ಟರ್ ಕೊಟ್ಟ ಇಂಜೆಕ್ಷನ್ನಿನ ತಪ್ಪಲ್ಲ ಇದು, ಹಾವಿನ ವಿಷದ್ದೇ.

ವಿಷ ಕಣ್ಣಿಗೆ ಹೋಗಿದ್ದು ಹೇಗೆ

ಕೊಳಕುಮಂಡಲದ ವಿಷ ಎರಡು ಕೆಲಸ ಒಟ್ಟಿಗೆ ಮಾಡುತ್ತದೆ. ರಕ್ತ ಹೆಪ್ಪುಗಟ್ಟಿಸುವ ಅಂಶಗಳಲ್ಲಿ ಐದನೆಯದನ್ನೂ ಹತ್ತನೆಯದನ್ನೂ ಕೆರಳಿಸಿ, ಮೈಯೆಲ್ಲ ಸಣ್ಣ ಸಣ್ಣ ಹೆಪ್ಪು ಮಾಡಿಸಿ, ಇದ್ದಬದ್ದ ಅಂಶವನ್ನೆಲ್ಲ ಖರ್ಚು ಮಾಡಿಬಿಡುತ್ತದೆ. ಆಮೇಲೆ ಬೇಕಾದ ಕಡೆ ಹೆಪ್ಪುಗಟ್ಟಲು ಏನೂ ಉಳಿಯುವುದಿಲ್ಲ. ಇನ್ನೊಂದು ಕಡೆ, ವಿಷದಲ್ಲಿರುವ ಕಿಣ್ವಗಳು ಸಣ್ಣ ರಕ್ತನಾಳಗಳ ಗೋಡೆಯನ್ನೇ ಕೊರೆಯುತ್ತವೆ. ಗೋಡೆ ಸೋರುತ್ತದೆ, ಸೋರಿದ್ದು ಹೆಪ್ಪುಗಟ್ಟುವುದಿಲ್ಲ.

ಕಣ್ಣಿನಲ್ಲಿ ರಕ್ತನಾಳ ಜಾಸ್ತಿ ಇರುವ ಜಾಗ ಕೊರಾಯ್ಡ್, ಅದರ ಮುಂದಿನ ತುದಿ ಸಿಲಿಯರಿ ಬಾಡಿ. ಕಣ್ಣಿನ ಮಸೂರ ನಿಂತಿರುವುದೇ ಆ ಸಿಲಿಯರಿ ಬಾಡಿಗೆ ಕಟ್ಟಿದ ಎಳೆಗಳ ಆಸರೆಯಲ್ಲಿ. ಅದು ಊದಿ ಮುಂದಕ್ಕೆ ಮಗುಚಿಕೊಂಡರೆ ಎಳೆ ಸಡಿಲವಾಗುತ್ತದೆ, ಮಸೂರ ಮುಂದಕ್ಕೆ ಬರುತ್ತದೆ, ಬಣ್ಣದ ಪಟಲವನ್ನೂ ತಳ್ಳಿಕೊಂಡು ಬರುತ್ತದೆ. ಕಣ್ಣಿನೊಳಗಿನ ನೀರು ಹೊರಹೋಗುವ ದಾರಿ ಪಟಲದ ಅಂಚಿನ ಕೋನದಲ್ಲಿದೆ. ಆ ದಾರಿ ಮುಚ್ಚಿತು. ನೀರು ಒಳಗೆ ಉತ್ಪತ್ತಿ ಆಗುತ್ತಲೇ ಇರುತ್ತದೆ, ಒತ್ತಡ ಏರುತ್ತದೆ. ಏರಿದ ಒತ್ತಡ ಕಣ್ಣಿನ ನರವನ್ನು ಅದರ ಬುಡದಲ್ಲೇ ಹಿಸುಕುತ್ತದೆ. ಗಂಟೆ ಲೆಕ್ಕದಲ್ಲಿ ಇಳಿಸಬೇಕಾದ ಒತ್ತಡ ಇದು. ಇಲ್ಲಿ ಮೂರು ದಿನದ ಹತ್ತಿರ ಹತ್ತಿರ ಆಗಿತ್ತು.

ಕೊಡಬಾರದ ಔಷಧಿಗಳೇ ಜಾಸ್ತಿ

ಈ ಪ್ರಕರಣದಲ್ಲಿ ನಿಜವಾಗಿ ತಲೆ ಕೆಡಿಸಿದ ಭಾಗ ಇದು. ಮಾಮೂಲಿ ಗ್ಲಾಕೋಮಾ ದಾಳಿಗೆ ಪಾಪೆ ಕುಗ್ಗಿಸುವ ಪೈಲೋಕಾರ್ಪಿನ್ ಹಾಕುತ್ತೇವೆ. ಇಲ್ಲಿ ಅದನ್ನು ಹಾಕಿದರೆ ಸಿಲಿಯರಿ ಬಾಡಿ ಇನ್ನೂ ಬಿಗಿದು, ಮಸೂರ ಇನ್ನೂ ಮುಂದೆ ಬಂದು, ಇದ್ದ ಜಾಗವೂ ಹೋಗುತ್ತದೆ. ಬೇಕಾದ್ದು ತದ್ವಿರುದ್ಧ. ಪಾಪೆ ಅರಳಿಸಿ ಸಿಲಿಯರಿ ಬಾಡಿಯನ್ನು ಹಿಂದಕ್ಕೆ ಸಡಿಲಿಸುವ ಅಟ್ರೋಪಿನ್ ಡ್ರಾಪ್ಸ್ ಬೇಕು. ಗ್ಲಾಕೋಮಾ ರೋಗಿಗೆ ಅಟ್ರೋಪಿನ್ ಬರೆದಿದ್ದು ನೋಡಿ ಡ್ಯೂಟಿ ಡಾಕ್ಟರ್ ಫೋನ್ ಮಾಡಿ ಕೇಳಿದರು, "ಸಾರ್, ಇದು ಬರೆಯುವಾಗ ತಪ್ಪಾಗಿದೆಯಾ?" ಕೇಳಿದ್ದು ಒಳ್ಳೆಯದೇ. ಮಾಮೂಲಿ ದಾಳಿಯಲ್ಲಿ ಅದು ದೊಡ್ಡ ತಪ್ಪೇ.

ಲೇಸರಿನಿಂದ ಬಣ್ಣದ ಪಟಲಕ್ಕೆ ತೂತು ಮಾಡುವ ಉಪಾಯವೂ ಇಲ್ಲಿ ನಡೆಯುವುದಿಲ್ಲ. ಅದು ಪಾಪೆಯ ಬಳಿ ನೀರು ಕಟ್ಟಿಕೊಂಡಾಗ ಕೆಲಸ ಮಾಡುತ್ತದೆ. ಇಲ್ಲಿ ತಳ್ಳುತ್ತಿರುವುದು ಹಿಂದಿನಿಂದ.

ಒತ್ತಡ ಬೇಗ ಇಳಿಸಲು ನಮ್ಮ ಕೈಲಿರುವ ಎರಡು ದೊಡ್ಡ ಅಸ್ತ್ರ ಅಸೆಟಜೋಲಮೈಡ್ ಮಾತ್ರೆ ಮತ್ತು ಮ್ಯಾನಿಟಾಲ್ ಡ್ರಿಪ್. ಎರಡೂ ಕಿಡ್ನಿಯ ಮೂಲಕ ಹೋಗಬೇಕಾದವು. ಮೂತ್ರವೇ ಬಾರದ ರೋಗಿಗೆ ಮ್ಯಾನಿಟಾಲ್ ಕೊಟ್ಟರೆ ಅದು ರಕ್ತದಲ್ಲೇ ಉಳಿದು, ನೀರನ್ನು ಎಳೆದುಕೊಂಡು, ಶ್ವಾಸಕೋಶ ತುಂಬಿಸಬಹುದು. ಸೋರುವ ರಕ್ತನಾಳದಿಂದ ಅದೂ ಹೊರಗೆ ಸೋರಬಹುದು. ಅಸೆಟಜೋಲಮೈಡ್ ರಕ್ತದ ಆಮ್ಲವನ್ನು ಇನ್ನೂ ಏರಿಸುತ್ತದೆ. ಕಿಡ್ನಿ ಡಾಕ್ಟರ್ ಜೊತೆ ಕುಳಿತು ಎರಡನ್ನೂ ಬಿಟ್ಟೆವು.

ಉಳಿದಿದ್ದು ಡ್ರಾಪ್ಸ್. ಅಟ್ರೋಪಿನ್, ಒತ್ತಡ ಇಳಿಸಲು ಟಿಮೊಲಾಲ್, ಬ್ರಿಮೊನಿಡಿನ್, ಊತಕ್ಕೆ ಪ್ರೆಡ್ನಿಸೊಲೋನ್. ಟಿಮೊಲಾಲ್ ಹಾಕುವ ಮುಂಚೆ ಉಬ್ಬಸ ಇದೆಯಾ ಅಂತ ಮನೆಯವರನ್ನು ಕೇಳಿದೆವು, ನಾಡಿ ನೋಡಿದೆವು. ಹಾಕಿದ ಮೇಲೆ ಕಣ್ಣಿನ ಒಳಮೂಲೆಯನ್ನು ಎರಡು ನಿಮಿಷ ಒತ್ತಿ ಹಿಡಿಯುವುದನ್ನು ಮಗಳಿಗೆ ಕಲಿಸಿದೆವು. ಇಲ್ಲದಿದ್ದರೆ ಡ್ರಾಪ್ಸ್ ಮೂಗಿಗೆ ಇಳಿದು ರಕ್ತಕ್ಕೆ ಸೇರುತ್ತದೆ, ಮೊದಲೇ ಬಿಪಿ ಕಮ್ಮಿ. ತಲೆದಿಂಬು ಎತ್ತರಿಸಿದೆವು. ಡಯಾಲಿಸಿಸ್, ರಕ್ತ ಹೆಪ್ಪುಗಟ್ಟದಂತೆ ತಡೆಯುವ ಹೆಪಾರಿನ್ ಇಲ್ಲದೆ ನಡೆಯಲಿ ಅಂತ ಕೇಳಿಕೊಂಡೆವು. ಅವರು ಮೊದಲೇ ಹಾಗೆ ಮಾಡುತ್ತಿದ್ದರು.

ಇನ್ನಷ್ಟು ಎಎಸ್‌ವಿ ಹಾಕಿದರೆ ಕಣ್ಣು ಬರುತ್ತಾ ಅಂತ ಯಜಮಾನರು ಮತ್ತೆ ಮತ್ತೆ ಕೇಳಿದರು. ಎಎಸ್‌ವಿ ರಕ್ತದಲ್ಲಿ ಓಡಾಡುತ್ತಿರುವ ವಿಷವನ್ನು ಹಿಡಿಯುತ್ತದೆ, ಆಗಿಹೋದ ಹಾನಿಯನ್ನು ರಿಪೇರಿ ಮಾಡುವುದಿಲ್ಲ. ಮತ್ತೆ ಟ್ಯೂಬಿನಲ್ಲಿ ರಕ್ತ ಇಟ್ಟು ನೋಡಿದೆವು, 20 ನಿಮಿಷಕ್ಕೆ ಗಟ್ಟಿಯಾಗಿತ್ತು. ಅಲ್ಲಿಗೆ ಆ ಮಾತು ಮುಗಿಯಿತು.

ಎಡಗಣ್ಣಿನ ಆಪರೇಷನ್ ಬಗ್ಗೆ ನಮ್ಮೊಳಗೇ ಎರಡು ಅಭಿಪ್ರಾಯ ಇತ್ತು. ಬಿಳಿಗೋಡೆಗೆ ಸಣ್ಣ ಗಾಯ ಮಾಡಿ ಹಿಂದಿನ ರಕ್ತ ಹೊರಬಿಡಬಹುದು. ಆದರೆ ರಕ್ತ ಈಗಷ್ಟೇ ಹೆಪ್ಪುಗಟ್ಟಲು ಕಲಿತಿದೆ, ಪ್ಲೇಟ್‌ಲೆಟ್ ಕಮ್ಮಿ ಇದೆ. ಕಣ್ಣಿನ ಹಿಂದೆ ಸೂಜಿ ಹಾಕಿ ಮರಗಟ್ಟಿಸಲು ಹೋಗಿ ಅಲ್ಲೇ ರಕ್ತ ತುಂಬಿದರೆ ಉಳಿದ ಆಸೆಯೂ ಹೋಗುತ್ತದೆ. ಎರಡು ದಿನ ಡ್ರಾಪ್ಸ್ ನೋಡೋಣ ಅಂತಾಯಿತು. ಆ ಎರಡು ದಿನದಲ್ಲಿ ಎಡಗಣ್ಣಿನ ಒತ್ತಡ 56ರಿಂದ 40ಕ್ಕೆ, ಆಮೇಲೆ 30ಕ್ಕೆ ಬಂತು. ಕತ್ತಿ ಹಿಡಿಯಲಿಲ್ಲ. ಈಗಲೂ ನನಗೆ ಅದೇ ಸರಿ ಅನಿಸುತ್ತದೆ.

ಬಲಗಣ್ಣು ಬೇಗ ಮಣಿಯಿತು. ಮರುದಿನ 28, ಅದರ ಮರುದಿನ 18. ಆಗ ಒಂದು ವಿಚಿತ್ರ ನಡೆಯಿತು. ಈಕೆ ತಮ್ಮ ಅಂಗೈಯನ್ನು ಮೂಗಿನ ಹತ್ತಿರ ಹಿಡಿದು ಗೆರೆ ನೋಡುತ್ತಿದ್ದರು, ಬೆರಳಿನಲ್ಲಿ ಹಾವಿನ ಹಲ್ಲು ಊರಿದ ಜಾಗ ತೋರಿಸಿದರು. ಆದರೆ ಹಾಸಿಗೆಯ ಕಾಲುದೆಸೆಯಲ್ಲಿ ನಿಂತ ಗಂಡನ ಮುಖ ಗೊತ್ತಾಗುತ್ತಿರಲಿಲ್ಲ. ಮಸೂರ ಇನ್ನೂ ಮುಂದೆಯೇ ಇತ್ತು. ಹಾಗಾಗಿ ಕಣ್ಣಿಗೆ ತಾತ್ಕಾಲಿಕವಾಗಿ ಸುಮಾರು ಮೈನಸ್ 4 ಪವರ್ ಬಂದಿತ್ತು. ಹತ್ತಿರದ್ದು ಚೊಕ್ಕ, ದೂರದ್ದು ಮಂಜು. ದಿನ ಕಳೆದಂತೆ ಆ ಪವರ್ ಇಳಿದದ್ದೇ ಊತ ಇಳಿಯುತ್ತಿರುವ ಗುರುತಾಯಿತು. ಸ್ಕ್ಯಾನ್ ಮಾಡುವ ಮುಂಚೆಯೇ ಗಂಡನ ಮೀಸೆ ಕಾಣುತ್ತಾ ಅಂತ ಕೇಳಿದರೆ ಸಾಕಾಗುತ್ತಿತ್ತು.

ಆರು ವಾರದ ಮೇಲೆ

ಕಿಡ್ನಿ ಪೂರ್ತಿ ಚೇತರಿಸಿತು. ಬಲಗಣ್ಣಿನ ನೋಟ 6/9, ಮಾಮೂಲಿ ನೋಟಕ್ಕೆ (6/6) ಹತ್ತಿರ. ಕೋನ ನೋಡುವ ಗೊನಿಯೋಸ್ಕೋಪಿನಲ್ಲಿ ನೋಡಿದರೆ ಕೋನ ತೆರೆದಿದೆ, ಅಲ್ಲಲ್ಲಿ ಬಣ್ಣದ ಪಟಲ ಅಂಟಿಕೊಂಡ ಗುರುತು ಇದೆ. ಎಡಗಣ್ಣು ಎರಡು ಮೀಟರ್ ದೂರದ ಬೆರಳು ಎಣಿಸುತ್ತದೆ, ಅದಕ್ಕಿಂತ ಮುಂದೆ ಹೋಗಲಿಲ್ಲ. ಕೊರಾಯ್ಡ್ ಹಿಂದಿನ ರಕ್ತ ಕರಗಿ ಪದರ ತನ್ನ ಜಾಗಕ್ಕೆ ಕೂತಿದೆ, ಒತ್ತಡ 20. ಆದರೆ ನರ ಬಿಳಿಚಿಕೊಂಡಿದೆ. ಮಸೂರದ ಮುಂದೆ ಹಾಲು ಚಿಮುಕಿಸಿದಂಥ ಬಿಳಿ ಚುಕ್ಕೆಗಳು ಉಳಿದಿವೆ. ಒತ್ತಡ ಎಷ್ಟು ಜೋರಾಗಿತ್ತು ಅನ್ನುವುದಕ್ಕೆ ಕಣ್ಣು ತಾನೇ ಇಟ್ಟುಕೊಂಡ ದಾಖಲೆ ಅದು. ಪಾಪೆ ಅರಳಿಯೇ ನಿಂತಿದೆ, ಬಿಸಿಲಿಗೆ ಬಂದರೆ ಆ ಕಣ್ಣು ಕುಕ್ಕುತ್ತದೆ.

ಸುಸ್ತು, ಚಳಿ ತಡೆಯದಿರುವುದು, ಮುಟ್ಟು ನಿಂತಿರುವುದು ಇದೆಯಾ ಅಂತಲೂ ವಿಚಾರಿಸಿದೆವು. ಕಣ್ಣಿನ ಡಾಕ್ಟರ್ ಯಾಕೆ ಇದನ್ನೆಲ್ಲ ಕೇಳ್ತಾರೆ ಅಂತ ಈಕೆಗೆ ಆಶ್ಚರ್ಯ. ಕೊಳಕುಮಂಡಲದ ವಿಷ ಮಿದುಳಿನ ಬುಡದ ಪಿಟ್ಯುಟರಿ ಗ್ರಂಥಿಯನ್ನೂ ಹೊಡೆಯುತ್ತದೆ. ಮ್ಯಾನ್ಮಾರಿನಲ್ಲಿ, ದಕ್ಷಿಣ ಭಾರತದಲ್ಲಿ ಇದು ಚೆನ್ನಾಗಿ ದಾಖಲಾಗಿದೆ, ತಿಂಗಳು, ವರ್ಷ ಕಳೆದು ಹೊರಬೀಳುವುದೂ ಉಂಟು. ಕಾರ್ಟಿಸಾಲ್, ಥೈರಾಯ್ಡ್ ಪರೀಕ್ಷೆ ಈ ಸಲ ಸರಿಯಾಗಿವೆ. ವರ್ಷಕ್ಕೊಮ್ಮೆ ನೋಡಿಸಿ ಅಂತ ಬರೆದುಕೊಟ್ಟಿದ್ದೇವೆ.

ಲೆಕ್ಕದ ವಿಚಾರ ಒಂದಿದೆ. 2000ದಿಂದ 2019ರವರೆಗೆ ಭಾರತದಲ್ಲಿ ಹಾವು ಕಚ್ಚಿ ಸತ್ತವರು ಸುಮಾರು 12 ಲಕ್ಷ, ಅಂದರೆ ವರ್ಷಕ್ಕೆ 58 ಸಾವಿರದಷ್ಟು. ಕರ್ನಾಟಕ 2024ರ ಫೆಬ್ರವರಿಯಲ್ಲಿ ಹಾವು ಕಡಿತವನ್ನು ಸರ್ಕಾರಕ್ಕೆ ವರದಿ ಮಾಡಲೇಬೇಕಾದ ಪಟ್ಟಿಗೆ ಸೇರಿಸಿತು. ಅದೇ ವರ್ಷ ಮಾರ್ಚ್‌ನಲ್ಲಿ ಕೇಂದ್ರದ ಕ್ರಿಯಾ ಯೋಜನೆ ಬಂತು, 2030ರೊಳಗೆ ಸಾವು ಅರ್ಧಕ್ಕೆ ಇಳಿಯಬೇಕು ಅಂತ. ಒಳ್ಳೆಯ ಹೆಜ್ಜೆಗಳು. ಆದರೆ ನಮ್ಮ ರೋಗಿ ಈ ಲೆಕ್ಕದಲ್ಲಿ ಬದುಕುಳಿದವರು, ಅಂದರೆ ಯಶಸ್ಸಿನ ಸಾಲಿನವರು. ಐಸಿಯುವಿನ ಚಾರ್ಟಿನಲ್ಲಿ ನಾಡಿ, ಬಿಪಿ, ಮೂತ್ರದ ಪಕ್ಕ ಇನ್ನೊಂದು ಕಾಲಂ ಇದ್ದಿದ್ದರೆ ಸಾಕಿತ್ತು ಅಂತ ನನ್ನ ವಾದ. ದಿನಕ್ಕೆರಡು ಸಲ ರೆಪ್ಪೆ ಎತ್ತಿ, ಒಂದು ಕಣ್ಣು ಮುಚ್ಚಿ ಇನ್ನೊಂದಕ್ಕೆ ಎಷ್ಟು ಬೆರಳು ಅಂತ ಕೇಳುವುದು. ಸಿಸ್ಟರ್‌ಗೆ ಅರ್ಧ ನಿಮಿಷದ ಕೆಲಸ, ಖರ್ಚು ಸೊನ್ನೆ.

ಅಂಗವಿಕಲತೆ ಸರ್ಟಿಫಿಕೇಟಿಗೆ ಯಜಮಾನರು ಅರ್ಜಿ ಹಾಕಿದರು. ಒಂದು ಕಣ್ಣು ಚೆನ್ನಾಗಿದ್ದು ಇನ್ನೊಂದು ಹೆಚ್ಚುಕಡಿಮೆ ಹೋಗಿದ್ದರೆ ನಿಯಮದ ಪ್ರಕಾರ ಶೇ 30. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಹೆಚ್ಚಿನ ಸೌಲಭ್ಯ ಶುರುವಾಗುವುದೇ ಶೇ 40ರಿಂದ. ಸರ್ಟಿಫಿಕೇಟ್ ಸಿಕ್ಕಿತು, ಅದರಿಂದ ಸಿಗಬೇಕಾದ್ದು ಸಿಗಲಿಲ್ಲ. ಒಂದೇ ಕಣ್ಣಿನಲ್ಲಿ ಆಳ ಸರಿಯಾಗಿ ಗೊತ್ತಾಗದೆ ಕುಡುಗೋಲು ಎರಡು ಸಲ ಎಡಗೈ ಬೆರಳಿಗೆ ತಾಗಿದೆ. ಈಗ ಕೊಯ್ಲಿಗೆ ಇಳಿಯುವುದಿಲ್ಲ. ಕಂತೆ ಕಟ್ಟುವಾಗ ಮೊದಲು ಉದ್ದ ಕೋಲಿನಿಂದ ಅರಿ ಮಗುಚುತ್ತಾರೆ, ಕೈಗೆ ದಪ್ಪ ಗ್ಲೌಸ್, ಕಾಲಿಗೆ ಗಮ್‌ಬೂಟ್. ಟಿಮೊಲಾಲ್ ಎರಡೂ ಕಣ್ಣಿಗೆ ಬೆಳಗ್ಗೆ ಸಂಜೆ ನಡೆಯುತ್ತಿದೆ. ಅಂಟಿಕೊಂಡ ಕೋನ ಮುಂದೆ ತೊಂದರೆ ಕೊಡಬಹುದು ಅಂತ ಮೂರು ತಿಂಗಳಿಗೊಮ್ಮೆ ಬರಲು ಹೇಳಿದ್ದೇವೆ. ಕಳೆದ ಭೇಟಿಯಲ್ಲಿ ಬಲಗಣ್ಣಿನ ಒತ್ತಡ 16 ಇತ್ತು.